ಕೆಮ್ಮನ್ನು ಸಂಗೀತ ಅಂದವರು

ಈ ವಾರ ಟೈರಿನ ಗಾಳಿ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ಭಾನುವಾರ ಬೆಳಿಗ್ಗೆ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡಲು ಹೋಗಿ ಎಲ್ಲ ಕೆಟ್ಟಿತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದ ಹಕ್ಕಿಗಳು ನೀರಂಚಿನಲ್ಲಿ ಮೈ ಕಾಯಿಸುತ್ತಿದ್ದವು. ರಸ್ತೆಯಲ್ಲಿ ಭರ್ರನೆ ಬಂದ ಕಾರೊಂದು ವೇಗ ತಗ್ಗಿಸಿದ್ದೇ ತಡ, ಪಟ್ ಪಟ್ ಪಟಾರ್! ಹಿಂಡಿಗೆ ಹಿಂಡೇ ಎದ್ದು ಗದ್ದೆ ಕಡೆ ಹೋಯಿತು. ಟೈರು ಮುಂದಿನ ವಾರಕ್ಕಿರಲಿ.

ಟೀ ಅಂಗಡಿ ಹತ್ತಿರ ಆ ಕಾರಿನ ಹುಡುಗ ಸಿಕ್ಕಿದ. ‘ಸ್ಟೇಜ್ ಟೂ ಮ್ಯಾಪ್ ಸಾರ್’ ಅಂದ, ಹೆರಿಗೆ ಆಸ್ಪತ್ರೆಯಿಂದ ಸಿಹಿ ತಂದವನ ಮುಖದಲ್ಲಿ.

‘ಇಂಜಿನ್‌ಗೆ ಏನೂ ಆಗಲ್ವೇನಪ್ಪ?’

‘ಏನೂ ಆಗಲ್ಲ ಸಾರ್, ಮಾಡಿದೋರು ಗ್ಯಾರಂಟಿ ಕೊಟ್ಟವ್ರೆ.’

‘ಬರೆದು ಕೊಟ್ಟವ್ರಾ?’

ನಕ್ಕ.

ಓದುಗರಿಗೆ ಗೊತ್ತಿರುವುದೇ. ಇಂಜಿನ್ ಕಾರ್ಬುರೇಟರ್ ಕಡೆಗೆ ಕೆಮ್ಮಿದರೆ ಅದು ಬ್ಯಾಕ್‌ಫೈರ್; ಸೈಲೆನ್ಸರಿನಲ್ಲಿ ಸಿಡಿದರೆ ಆಫ್ಟರ್‌ಫೈರ್. ಊರೆಲ್ಲ ಎರಡಕ್ಕೂ ಒಂದೇ ಹೆಸರು, ಜಗಳ ಬೇಡ. ಸಿಲಿಂಡರಿನಲ್ಲಿ ಉರಿಯಬೇಕಾದ ಪೆಟ್ರೋಲು ಉರಿಯದೆ ಹೊರಬಿದ್ದು, ಬಿಸಿ ಕೊಳವೆಯಲ್ಲಿ ಗಾಳಿ ಸಿಕ್ಕ ಕೂಡಲೇ ಹೊತ್ತಿಕೊಳ್ಳುತ್ತದೆ. ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಇಂಜಿನ್ನಿನ ಕಂಪ್ಯೂಟರ್ ಇಸಿಯು ಪೆಟ್ರೋಲನ್ನೇ ನಿಲ್ಲಿಸುತ್ತದೆ. ಸಿಡಿಯಲು ಏನೂ ಇರುವುದಿಲ್ಲ. ಹುಡುಗನ ಮ್ಯಾಪು ಆ ಇಸಿಯುಗೆ ಹೇಳಿಕೊಡುವುದಿಷ್ಟು: ಪೆಟ್ರೋಲು ನಿಲ್ಲಿಸಬೇಡ, ಕಿಡಿಯನ್ನು ತಡಮಾಡಿ ಕೊಡು. ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಬೆಂಕಿ ಆರಿರುವುದಿಲ್ಲ. ಅದರ ಕಾವನ್ನೆಲ್ಲ ತಿನ್ನುವುದು ಟರ್ಬೊ, ಆಮೇಲೆ ಕ್ಯಾಟಲಿಟಿಕ್ ಕನ್ವರ್ಟರಿನೊಳಗಿನ ಜೇನುಗೂಡಿನಂಥ ಪಿಂಗಾಣಿ. ಅದು ಕರಗಿ ದಾರಿ ಕಟ್ಟಿಕೊಂಡರೆ ಕಾರಿಗೆ ಉಸಿರೇ ಇಲ್ಲ.

ರ‍್ಯಾಲಿ ಕಾರೂ ಸಿಡಿಯುತ್ತದಲ್ಲ ಎಂದು ಮ್ಯಾಪು ಪಂಥದವರು ಪ್ರತಿ ಸಲ ಎದ್ದು ನಿಲ್ಲುತ್ತಾರೆ. ಸಿಡಿಯುತ್ತದೆ ಸ್ವಾಮಿ. ತಿರುವಿನಲ್ಲಿ ಟರ್ಬೊ ಮಲಗದಿರಲಿ ಎಂದು ಬೇಕೆಂದೇ ಮ್ಯಾನಿಫೋಲ್ಡಿನಲ್ಲಿ ಉರಿಸುತ್ತಾರೆ, ಸುಟ್ಟ ಟರ್ಬೊ ಬದಲಿಸಲು ತಂಡ ಕಾದಿರುತ್ತದೆ. ನೀವು ಹೋಗುತ್ತಿರುವುದು ಟಿ. ನರಸೀಪುರಕ್ಕೆ.

ನಮ್ಮ ಕಾಲದಲ್ಲಿ ಗಾಡಿ ಸಿಡಿದರೆ ನಾಚಿಕೆಯಾಗುತ್ತಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಮೈಸೂರಿನ ಕಿವಿ ಅಲ್ಲಿನ ಯೆಜ್ಡಿ ಬೈಕಿಗೇ ಶ್ರುತಿಯಾಗಿತ್ತು. ನನ್ನದು ರೋಡ್‌ಕಿಂಗ್: ಒಂದು ಸಿಲಿಂಡರು, ಎರಡು ಸೈಲೆನ್ಸರು. ಒಂದು ಮಳೆಗಾಲದಲ್ಲಿ ಥ್ರಾಟಲ್ ಬಿಟ್ಟಾಗಲೆಲ್ಲ ಎಡಗಡೆಯದು ಮಾತ್ರ ಸಿಡಿಯತೊಡಗಿತು. ನಾನು ಜೆಟ್ ಬದಲಿಸಿದೆ, ಪ್ಲಗ್ ಬದಲಿಸಿದೆ, ಪಾಯಿಂಟ್ ಗ್ಯಾಪ್ ಮೂರು ಸಲ ನೋಡಿದೆ. ನಂಜನಗೂಡಿನ ಹಳೇ ಮೆಕ್ಯಾನಿಕ್ ಸ್ಪ್ಯಾನರನ್ನೇ ಎತ್ತಲಿಲ್ಲ. ಬೆಂಡ್ ಪೈಪು ಸಿಲಿಂಡರಿಗೆ ಸೇರುವ ಜಾಗದ ಸುತ್ತ ಬೆರಳಾಡಿಸಿ ನನ್ನ ಮುಂದೆ ಹಿಡಿದ. ಬೆರಳ ತುದಿಯಲ್ಲಿ ಒದ್ದೆ ಕರಿ. ‘ಇಲ್ಲಿ ಗಾಳಿ ಎಳೀತೈತೆ. ಕಾರ್ಬುರೇಟರ್ ಯಾಕ್ ಬಿಚ್ದೆ?’ ಹೊಸ ವಾಷರ್ ಹಾಕಿ ನಟ್ ಬಿಗಿದ. ಬಂದಿದ್ದೀಯಲ್ಲ ಅಂತ ಸೈಲೆನ್ಸರಿನ ಒಳಕೊಳವೆಗಳನ್ನೂ ಎಳೆದು, ಸೌದೆ ಬೆಂಕಿಯಲ್ಲಿ ಕಾಯಿಸಿ, ಕಲ್ಲಿಗೆ ತಟ್ಟಿ ಎಣ್ಣೆ ಮಸಿ ಉದುರಿಸಿದ. ವಾಪಸ್ ಬರುವಾಗ ಗಾಡಿ ಒಂದು ಸಲವೂ ಸಿಡಿಯಲಿಲ್ಲ.

ಇಂಥ ಸಿಡಿತ ರೋಗದ ಸುದ್ದಿ. ಸುದ್ದಿ ಹಿಡಿದು ಹೋದರೆ ಸೋರುವ ಜಾಯಿಂಟೋ, ತಪ್ಪಿದ ಟೈಮಿಂಗೋ, ಮಿಸ್ ಹೊಡೆಯುವ ಪ್ಲಗ್ಗೋ ಸಿಗುತ್ತದೆ. ಮ್ಯಾಪಿನ ಸಿಡಿತದ ಹಿಂದೆ ಹೋದರೆ ಸಿಗುವುದು ಲ್ಯಾಪ್‌ಟಾಪ್ ಹಿಡಿದ ಒಬ್ಬ ಆಸಾಮಿ, ಅಷ್ಟೆ.

ಹೆಬ್ಬಾತುಗಳು ಮಾರ್ಚ್ ಹೊತ್ತಿಗೆ ಹೊರಡುತ್ತವೆ. ಅಲ್ಲಿಯವರೆಗಾದರೂ, ಹುಡುಗರೇ, ಹದಿನಾರು ಕೆರೆ ದಾಟುವಾಗ ಕಂಪನಿ ಮ್ಯಾಪಿನಲ್ಲೇ ಹೋಗಿ.