ಮುರಿಸದ ಬೋರಮಾಳ

ಹೆಣ್ಣುಮಗಳಿಗೆ ಒಡವೆ ಕೊಡುವ ಮಾತು ಬಂದರೆ ನಮ್ಮ ಕಡೆ ಮೊದಲು ಕೇಳುವುದು ಎಷ್ಟು ತೊಲಿ ಎಂದು. ಹಳೆಯ ಒಡವೆಯನ್ನು ಉಡುಗೊರೆಯಾಗಿ ಆರಿಸುವವರು ಈ ಪ್ರಶ್ನೆಯನ್ನು ಕೊನೆಗಿಡಬೇಕು. ತೂಕವೇ ಮುಖ್ಯವಾದರೆ ಬಂಗಾರದ ನಾಣ್ಯ ಕೊಟ್ಟರಾಯಿತು. ಬೋರಮಾಳ, ಗೆಜ್ಜಿಟಿಕ್ಕಿ, ಬುಗುಡಿಯಂಥ ಹಳೆಯ ಒಡವೆಗಳಲ್ಲಿ ನಾವು ಕೊಡುವುದು ಪತ್ತಾರರ, ಅಂದರೆ ಅಕ್ಕಸಾಲಿಗರ, ಕೈಕೆಲಸವನ್ನು. ಮರದ ಮೂರ್ತಿ ಮಾಡುವ ಕಿನ್ನಾಳದ ಚಿತ್ರಗಾರರು ದೇವಿಗೆ ಒಡವೆ ತೊಡಿಸುವುದನ್ನೇ ನೋಡಿ. ಹಗುರ ಮರದ ಮೈಮೇಲೆ ಕಲ್ಲಿನ ಪುಡಿ, ಅಂಟು ಕಲಸಿ ಸರದ ಗುಂಡುಗಳನ್ನು ಉಬ್ಬಿಸುತ್ತಾರೆ, ತವರದ ಲೇಪ ಹಚ್ಚಿ ಉಜ್ಜಿ ಹೊಳಪು ತರುತ್ತಾರೆ. ಅದರಲ್ಲಿ ಗುಂಜಿ ಬಂಗಾರವಿಲ್ಲ. ಆದರೂ ಆ ಸರ ದೇವಿಯ ಕೊರಳಿಗೆ ಒಪ್ಪುತ್ತದೆ, ಏಕೆಂದರೆ ಅದನ್ನು ಆ ಕೊರಳಿಗೆಂದೇ ಮಾಡಿರುತ್ತಾರೆ.

ಗುಂಡುಗಳ ಸರವಾದ ಬೋರಮಾಳವನ್ನು ತಕ್ಕಡಿಯ ಮೇಲಷ್ಟೇ ನೋಡಿದರೆ ಮೋಸ ಹೋಗುತ್ತೇವೆ. ಅದರ ಗುಂಡು ತೆಳು ತಗಡಿನದು, ಒಳಗಿರುವುದು ಅರಗು. ದಾರ ಪೋಣಿಸುವ ತೂತಿನ ಬಾಯಲ್ಲಿ ಆ ಅರಗಿನ ಕಪ್ಪು ಅಂಚು ಕಾಣಬೇಕು. ಅರಗು ಉದುರಿದ್ದರೆ ಬೆರಳಲ್ಲಿ ಮೆಲ್ಲಗೆ ಒತ್ತಿದರೂ ಗುಂಡು ನೆಗ್ಗುತ್ತದೆ. ಒಂದೆರಡು ಗುಂಡು ನೆಗ್ಗಿದ್ದರೆ ಚಿಂತೆಯಿಲ್ಲ, ತೂತಿನ ಬಾಯಿ ಹರಿದಿದ್ದರೆ ಮಾತ್ರ ಬಿಡಿ, ಆ ಚೂಪು ಅಂಚು ದಾರವನ್ನು ಕತ್ತರಿಸುತ್ತದೆ. ತೊಳೆಯಲು ಬಿಸಿನೀರು ಬೇಡ, ಅರಗು ಮೆತ್ತಗಾಗುತ್ತದೆ. ಬೆಲೆ ಕಟ್ಟುವಾಗ ಅರಗಿನ ತೂಕ ಕಳೆದು ಬಂಗಾರಕ್ಕಷ್ಟೇ ಲೆಕ್ಕ ಹಾಕಿಸಿ, ಕೈಕೆಲಸಕ್ಕೆ ಬೇರೆಯಾಗಿ ಸಂತೋಷದಿಂದ ಕೊಡಿ.

ಯಾರೋ ಕಷ್ಟಕಾಲದಲ್ಲಿ ಮಾರಿದ ಒಡವೆ, ಆ ಕಣ್ಣೀರು ನಮ್ಮ ಮನೆಗೇಕೆ ಎಂದು ಹಿರಿಯರು ಹಿಂಜರಿಯುವುದುಂಟು. ಆ ಅಳುಕನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಹೊಸ ಒಡವೆಯ ಬಂಗಾರದಲ್ಲೂ ಎಷ್ಟೋ ಮನೆಗಳ ಹಳೆಯ ಒಡವೆ ಕರಗಿ ಸೇರಿರಬಹುದು. ಮುರಿಸಿದರೆ ಹೋಗುವುದು ಕೈಕೆಲಸ, ಕಷ್ಟದ ಕತೆಯಲ್ಲ. ಕಳವಿನ ಮಾಲಿನ ಭಯಕ್ಕೆ ಮದ್ದು ರಸೀದಿ, ರಸೀದಿ ಕೊಡದವರಲ್ಲಿ ಕೊಳ್ಳಲೇಬೇಡಿ. ಶುದ್ಧತೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗಿದ್ದು 2021ರ ಜೂನ್‌ನಿಂದ, ಅಜ್ಜಿಯ ಕಾಲದ ಸರದ ಮೇಲೆ ಆ ಗುರುತು ಇರುವುದಿಲ್ಲ. ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಕರಗಿಸದೆಯೇ ಎಕ್ಸ್‌-ರೇ ಯಂತ್ರದಿಂದ ಪರೀಕ್ಷೆ ಮಾಡಿಸಬಹುದು. ಆದರೆ ಯಂತ್ರ ಓದುವುದು ಮೇಲ್ಪದರವನ್ನು ಮಾತ್ರ. ಆದ್ದರಿಂದ ಹಿಂಬದಿಯನ್ನೂ ಬೆಸುಗೆಯ ಜಾಗವನ್ನೂ ತೋರಿಸಿ, ಅನುಭವಿ ಪತ್ತಾರರಿಂದ ಒರೆಗಲ್ಲಿಗೂ ಹಚ್ಚಿಸಿ. 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಪಾಲು. ಅದಕ್ಕಿಂತ ಕಡಿಮೆ ಬಂದರೆ ಬೆಲೆಯೂ ಇಳಿಯಬೇಕು.

ಇಷ್ಟೆಲ್ಲ ನೋಡಿಯೂ ತೊಡುವವಳನ್ನು ಮರೆತರೆ ಆ ಒಡವೆ ಕಪಾಟಿನಲ್ಲೇ ಉಳಿಯುತ್ತದೆ. ಬುಗುಡಿ ಕೂರುವುದು ಕಿವಿಯ ಮೇಲಂಚಿನಲ್ಲಿ, ಈಗಿನ ಬಹಳಷ್ಟು ಹುಡುಗಿಯರಿಗೆ ಅಲ್ಲಿ ಚುಚ್ಚಿಸಿರುವುದಿಲ್ಲ. ಉಡುಗೊರೆಗಾಗಿ ಕಿವಿ ಚುಚ್ಚಿಸಿಕೋ ಎನ್ನುವುದು ಒತ್ತಾಯವಾಗುತ್ತದೆ, ಮೊದಲೇ ಕೇಳಿಬಿಡಿ. ಅವಳು ಚೂಡಿದಾರ ತೊಟ್ಟು ದಿನಾ ಕೊಪ್ಪಳಕ್ಕೆ ಕೆಲಸಕ್ಕೆ ಹೋಗುವವಳಾದರೆ ಎರಡೆಳೆಯ ಬೋರಮಾಳವನ್ನು ಬಿಚ್ಚಿಸಿ ಒಂದೆಳೆಯಾಗಿ ಹೊಸ ದಾರದಲ್ಲಿ ಪೋಣಿಸಲು ಹೇಳಿ. ಉಳಿದ ಗುಂಡುಗಳನ್ನು ಎಣಿಸಿ ಅದೇ ಡಬ್ಬಿಯಲ್ಲಿಟ್ಟು ಅವಳ ಕೈಗೇ ಕೊಡಿ.