ಲೇಡಿ ಬಟ್ಲರಳ ಯುದ್ಧಚಿತ್ರಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನೊಳಗೊಂಡ ನಗರ ಸೀಮೆಯಲ್ಲಿ ಸಂಚರಿಸಿದ ಇತಿಹಾಸದ ವಿದ್ಯಾರ್ಥಿಗಳಿಗೆ ವೀರಗಲ್ಲು, ಮಾಸ್ತಿಕಲ್ಲುಗಳು ಹೊಸವಲ್ಲ. ವೀರಗಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ಮಡಿದ ವೀರನನ್ನು ಕೊಂಡೊಯ್ಯುತ್ತಾರೆ. ಮೇಲಣದರಲ್ಲಿ ಅವನು ತನ್ನ ದೈವದ ಸನ್ನಿಧಿಯನ್ನು ಸೇರುತ್ತಾನೆ. ಅವನ ಹೆಂಡತಿಯಾದರೋ ಮಾಸ್ತಿಕಲ್ಲಿನಲ್ಲಿ ಅನೇಕ ಕಡೆ ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ಒಂದು ಕೈಯಾಗಿ ಮಾತ್ರ ಉಳಿದಿದ್ದಾಳೆ. ಬದುಕಿ ನಿಂತವರ ನಿದರ್ಶನಗಳೂ ನಮ್ಮಲ್ಲಿಲ್ಲದಿಲ್ಲ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ೧೦೭೭ರ ಪಂಚಕೂಟ ಬಸದಿಯನ್ನು ಕಟ್ಟಿಸಿದ ಚಟ್ಟಲದೇವಿ, ಪತಿಯನ್ನೂ ಮಗನನ್ನೂ ಕಳೆದುಕೊಂಡು ತಂಗಿಯ ಮಕ್ಕಳನ್ನು ಸಾಕಿ ಬೆಳೆಸಿದವಳು. ಚಾಲುಕ್ಯ ದಂಡನಾಯಕ ನಾಗದೇವನ ಪತ್ನಿಯಾದ ಅತ್ತಿಮಬ್ಬೆ, ತಂಗಿ ಗುಂಡಮಬ್ಬೆ ಸಹಗಮನ ಮಾಡಿದ ಮೇಲೂ ಉಳಿದು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಈ ಮಹಿಳೆಯರ ಧರ್ಮಕಾರ್ಯ ದೊಡ್ಡದು. ಆದರೆ ಅವರ ಕಣ್ಣಿಗೆ ಯುದ್ಧವು ಹೇಗೆ ಕಂಡಿತೆಂಬುದು ಆ ಕಾರ್ಯಗಳಿಂದ ತಿಳಿಯುವಂತಿಲ್ಲ.

ಸೈನಿಕನ ಹೆಂಡತಿಯೇ ಕುಂಚ ಹಿಡಿದು ಯುದ್ಧವನ್ನು ಬರೆದರೆ ಅದು ಎಂಥ ಸಾಕ್ಷ್ಯವಾದೀತು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ನಮ್ಮ ಸೀಮೆಯಿಂದ ಬಹು ದೂರ ಹೋಗಬೇಕಾಗಿದೆ. ಬ್ರಿಟಿಷ್ ಚಿತ್ರಕಾರ್ತಿ ಎಲಿಜಬೆತ್ ಥಾಂಪ್ಸನ್, ಅರ್ಥಾತ್ ಲೇಡಿ ಬಟ್ಲರ್, ೧೮೪೬ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಜನಿಸಿ ೧೯೩೩ರಲ್ಲಿ ಐರ್ಲೆಂಡಿನಲ್ಲಿ ತೀರಿಕೊಂಡಳು. ಬಾಲ್ಯ ಕಳೆದದ್ದು ಇಂಗ್ಲೆಂಡು ಇಟಲಿಗಳ ನಡುವೆ; ವಿದ್ಯಾಭ್ಯಾಸ ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ಕಲಾಶಾಲೆಯಲ್ಲಿ ಮತ್ತು ಫ್ಲಾರೆನ್ಸಿನಲ್ಲಿ. ಕವಯಿತ್ರಿ ಆಲಿಸ್ ಮೆನೆಲ್ ಈಕೆಯ ತಂಗಿ. ೧೮೭೭ರಲ್ಲಿ ಐರಿಷ್ ಸೇನಾಧಿಕಾರಿ ವಿಲಿಯಂ ಬಟ್ಲರನನ್ನು ಮದುವೆಯಾದ ಬಳಿಕ ಗಂಡನ ಹುದ್ದೆಯ ಹಿಂದೆ ಈಜಿಪ್ಟು, ದಕ್ಷಿಣ ಆಫ್ರಿಕ, ಐರ್ಲೆಂಡುಗಳಲ್ಲಿ ಸಂಸಾರ ಹೂಡಿದಳು. ಪ್ಯಾಲೆಸ್ಟೈನ್ ಯಾತ್ರೆಯನ್ನೂ ಮಾಡಿದಳು.

ಈಕೆಯ ಕಲೆಯನ್ನು ಮದುವೆಯ ಮೂಲಕ ವಿವರಿಸುವ ರೂಢಿಯೊಂದಿದೆ. ಸೇನೆಯ ಮನೆಗೆ ಸೊಸೆಯಾಗಿ ಹೋದುದರಿಂದ ಸೈನಿಕರನ್ನು ಬರೆದಳೆಂಬುದು ಈ ವಾದದ ಸಾರ. ಇಸವಿಗಳು ಇದನ್ನು ಒಪ್ಪುವುದಿಲ್ಲ. ಈಕೆಗೆ ಕೀರ್ತಿ ತಂದ ‘ಹಾಜರಿ ಕರೆ’ ಎಂಬ ಚಿತ್ರ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾದದ್ದು ೧೮೭೪ರಲ್ಲಿ, ಮದುವೆಗೆ ಮೂರು ವರ್ಷ ಮೊದಲು. ಜನರ ನೂಕುನುಗ್ಗಲನ್ನು ತಡೆಯಲು ಆ ಚಿತ್ರದ ಬಳಿ ಪೊಲೀಸಿನವನನ್ನು ನಿಲ್ಲಿಸಬೇಕಾಯಿತು. ಮ್ಯಾಂಚೆಸ್ಟರಿನ ಉದ್ಯಮಿಯೊಬ್ಬನಿಗಾಗಿ ಬರೆದಿದ್ದ ಚಿತ್ರವನ್ನು ಕೊನೆಗೆ ವಿಕ್ಟೋರಿಯಾ ರಾಣಿಯೇ ಕೊಂಡಳು. ೧೮೭೫ರ ‘ಕಾತ್ರ್ ಬ್ರಾ’, ೧೮೭೬ರ ‘ಬಾಲಕ್ಲಾವ’ ಇವೂ ವಿವಾಹಪೂರ್ವದ ಕೃತಿಗಳೇ. ೧೮೭೯ರಲ್ಲಿ ಅಕಾಡೆಮಿಯ ಸದಸ್ಯತ್ವ ಎರಡು ಮತಗಳಿಂದ ಕೈತಪ್ಪಿತು. ೧೭೬೮ರಲ್ಲಿ ಸ್ಥಾಪಿತವಾದಾಗ ಇಬ್ಬರು ಮಹಿಳೆಯರನ್ನು ಸ್ಥಾಪಕ ಸದಸ್ಯರನ್ನಾಗಿ ಹೊಂದಿದ್ದ ಆ ಸಂಸ್ಥೆ, ಮತ್ತೊಬ್ಬ ಮಹಿಳೆಗೆ ಪೂರ್ಣ ಸದಸ್ಯತ್ವವನ್ನಿತ್ತದ್ದು ೧೯೩೬ರಲ್ಲಿ, ಲಾರಾ ನೈಟ್ ಎಂಬಾಕೆಗೆ. ಆ ವೇಳೆಗೆ ಲೇಡಿ ಬಟ್ಲರ್ ಗತಿಸಿ ಮೂರು ವರ್ಷವಾಗಿತ್ತು.

‘ಹಾಜರಿ ಕರೆ’ಯಲ್ಲಿ ಇರುವುದೇನು? ಕ್ರಿಮಿಯದ ಹಿಮದ ನೆಲ. ಕಾಳಗ ಮುಗಿದ ಹೊತ್ತು. ಒಂದೇ ಸಾಲಿನಲ್ಲಿ ನಿಂತ ಗ್ರೆನೇಡಿಯರ್ ಸೈನಿಕರು. ಕೆಲವರಿಗೆ ಗಾಯ, ಎಲ್ಲರಿಗೂ ಆಯಾಸ. ಒಬ್ಬನು ಮುಂದಕ್ಕೆ ಕುಸಿದು ಬಿದ್ದಿದ್ದಾನೆ. ಹೆಸರು ಕೂಗಲಾಗುತ್ತಿದೆ. ಸೇನಾಪತಿಯನ್ನು ಕುದುರೆಯ ಮೇಲೆ ನಡುವೆ ನಿಲ್ಲಿಸಿ ಮಿಕ್ಕವರನ್ನು ಹೊಗೆಯಲ್ಲಿ ಕರಗಿಸುವುದು ಅಂದಿನ ಇಂಗ್ಲಿಷ್ ಯುದ್ಧಚಿತ್ರದ ವಾಡಿಕೆಯಾಗಿತ್ತು. ಈಕೆ ಸಾಮಾನ್ಯ ಸಿಪಾಯಿಗಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಮುಖ ಕೊಟ್ಟಳು. ಈ ಗುಣಕ್ಕೆ ನಾವು ತಲೆದೂಗಲೇಬೇಕು. ಯುದ್ಧವೊಂದನ್ನೂ ಕಣ್ಣಾರೆ ಕಾಣದವಳಾದರೂ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ‘ಕಾತ್ರ್ ಬ್ರಾ’ದ ಚೌಕವ್ಯೂಹಕ್ಕಾಗಿ ಚಾಟಂನಲ್ಲಿ ಸುಮಾರು ೩೦೦ ಮಂದಿ ಸೈನಿಕರನ್ನು ತನ್ನೆದುರು ವ್ಯೂಹ ಕಟ್ಟಿಸಿ ಗುಂಡು ಹಾರಿಸಿ ನೋಡಿದಳು, ತುಳಿದ ಪೈರು ಹೇಗೆ ಕಾಣುವುದೆಂದು ತಿಳಿಯಲು ಹೊಲವೊಂದನ್ನೇ ತುಳಿಸಿದಳು. ಪುರಾವೆಗಾಗಿ ಇಷ್ಟು ಪಾಡುಪಟ್ಟವರು ನಮ್ಮ ಕಸುಬಿನಲ್ಲಿಯೂ ಹೆಚ್ಚಿಲ್ಲ.

ಈಕೆಯ ಉತ್ತಮ ಚಿತ್ರಗಳಲ್ಲಿ ಕಾಳಗಕ್ಕಿಂತ ಕಾಳಗದ ಮರುಗಳಿಗೆಗೆ ಪ್ರಾಧಾನ್ಯ. ಯಾರು ಮರಳಿದರು, ಯಾರು ಮರಳಲಿಲ್ಲ ಎಂಬ ಎಣಿಕೆಯೇ ಅವುಗಳ ವಸ್ತು. ಸೈನಿಕನ ಮನೆಯವರು ಕೇಳುವ ಪ್ರಶ್ನೆಯೂ ಅದೇ. ಆ ಮನೆಯನ್ನು ಸೇರುವ ಮೊದಲೇ ಈಕೆ ಅದನ್ನು ಕೇಳಿದ್ದಳೆಂಬುದು ಸ್ವಾರಸ್ಯದ ಸಂಗತಿ. ಆದರೆ ಎಣಿಕೆಯಲ್ಲಿ ಯಾರನ್ನು ಸೇರಿಸಿದಳೆಂಬುದನ್ನು ನಾವು ವಿಚಾರಿಸದೆ ಬಿಡಲಾಗದು. ೧೮೭೯ರ ‘ಸೇನೆಯ ಅವಶೇಷ’ವನ್ನು ನೋಡಿ. ೧೮೪೨ರ ಜನವರಿ ೧೩ರಂದು ಡಾಕ್ಟರ್ ಬ್ರೈಡನ್ ಒಬ್ಬನೇ ಸಾಯುತ್ತಿರುವ ಕುದುರೆಯ ಮೇಲೆ ಜಲಾಲಾಬಾದಿನ ಕೋಟೆಯತ್ತ ಬರುತ್ತಿದ್ದಾನೆ. ಆಫ್ಘನ್ ಯುದ್ಧದ ಪ್ರಸ್ತಾಪ ಬಂದಲ್ಲೆಲ್ಲ ಪುಸ್ತಕಗಳಲ್ಲಿ ಅಚ್ಚಾಗುವ ಚಿತ್ರವಿದು. ಬರಿದಾದ ಬಯಲೂ ಕುದುರೆಯ ಸೋತ ಕತ್ತೂ ನೋಡಿದವರ ಮನಸ್ಸಿನಿಂದ ಅಳಿಯುವುದಿಲ್ಲ. ಕಾಬೂಲಿನಿಂದ ಹೊರಟವರಾದರೋ ಸುಮಾರು ೪೫೦೦ ಮಂದಿ ಯೋಧರು, ೧೨೦೦೦ ಮಂದಿ ಪಾಳೆಯದ ಪರಿಚಾರಕರು. ಯೋಧರಲ್ಲಿ ಯೂರೋಪಿಯನ್ನರು ಸುಮಾರು ೭೦೦. ಉಳಿದವರು ಭಾರತದ ಸಿಪಾಯಿಗಳು. ಹಿಮದಲ್ಲಿ ಕೈಕಾಲು ಸೆಟೆದು ಸತ್ತವರೂ, ಸೆರೆಸಿಕ್ಕವರೂ, ಮುಂದೆ ಹೇಗೋ ಮರಳಿದ ಕೆಲವರೂ ಈ ಚಿತ್ರಕ್ಕೆ ಹೊರಗಿನವರು. ಬಯಲು ಬರಿದಾಗಿರುವುದು ಕಲೆಯ ದೃಷ್ಟಿಯಿಂದ ಯುಕ್ತವೇ ಇರಬಹುದು. ಆದರೆ ಒಬ್ಬ ಯೂರೋಪಿಯನ್ ವೈದ್ಯನನ್ನು ಇಡೀ ಸೇನೆಯ ಅವಶೇಷವೆಂದು ಕರೆದಾಗ, ಆ ಸೇನೆಯ ಬಹುಭಾಗದ ಹಾಜರಿಯನ್ನು ಕೂಗದೆಯೇ ಪುಸ್ತಕ ಮುಚ್ಚಿದಂತಾಯಿತು.

ಶತ್ರುವಿನ ವಿಷಯದಲ್ಲಿಯೂ ಇದೇ ಮಾತು. ರಾಣಿಯ ಅಪೇಕ್ಷೆಯ ಮೇರೆಗೆ ೧೮೮೦ರಲ್ಲಿ ಮುಗಿಸಿದ ‘ರೋರ್ಕ್ಸ್ ಡ್ರಿಫ್ಟ್’ ಚಿತ್ರದಲ್ಲಿ ಜೂಲು ಯೋಧರು ಒಂದಂಚಿನ ಕತ್ತಲೆಯಲ್ಲಿ ನೆರಳುಗಳಂತಿದ್ದಾರೆ. ಈ ಚಿತ್ರ ಗಂಡನಿಗೇ ಹಿಡಿಸಲಿಲ್ಲವೆಂದು ಆಕೆಯ ಆತ್ಮಕಥೆಯಿಂದ ತಿಳಿಯುತ್ತದೆ. ಇದರೊಡನೆ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯನ್ನು ಹೋಲಿಸಬಹುದು. ೧೭೮೦ರ ಪೊಲ್ಲಿಲೂರು ಕಾಳಗವನ್ನು ತೋರಿಸುವ ಆ ಚಿತ್ರ ಗೆದ್ದವರ ಹೆಮ್ಮೆಗಾಗಿ ಬರೆದದ್ದು. ಆದರೂ ಸೋತ ಬೇಯ್ಲಿ ಪಲ್ಲಕ್ಕಿಯಲ್ಲಿ, ಅವನ ಸೈನಿಕರು ಅವನ ಸುತ್ತಲೂ, ನಟ್ಟನಡುವೆ ಇದ್ದಾರೆ. ಅಲ್ಲಿ ಮುಖಗಳು ಅಚ್ಚಿನಲ್ಲಿ ಒತ್ತಿದಂತೆ ಒಂದೇ ತೆರನಾದುವು, ನೋವಿಗೆ ಎಡೆಯಿಲ್ಲ. ನಮ್ಮ ವೀರಗಲ್ಲುಗಳಲ್ಲಿಯೂ ಎದುರಾಳಿಗೆ ಕೆಳಗಣ ಪಟ್ಟಿಕೆಯಲ್ಲಿ ಸ್ಥಳವುಂಟು. ಲೇಡಿ ಬಟ್ಲರಳಲ್ಲಿ ನೋವಿದೆ, ಮುಖವಿದೆ. ಎದುರಾಳಿ ಮಾತ್ರ ಇಲ್ಲವೇ ಇಲ್ಲವೆನ್ನಬಹುದು. ೧೮೮೧ರ ‘ಸ್ಕಾಟ್ಲೆಂಡ್ ಎಂದೆಂದಿಗೂ’ ಚಿತ್ರದ ಬಿಳಿಗುದುರೆಗಳು ನುಗ್ಗುವುದು ನೋಡುವವನ ಮೇಲೆಯೇ. ಬಹುಜನಪ್ರಿಯವಾದ ಈ ಚಿತ್ರವು ನಮಗೆ ಆಕೆಯ ಕೃತಿಗಳಲ್ಲಿ ಬರಿಯ ಅಬ್ಬರದ್ದೆಂದು ತೋರುತ್ತದೆ.

ಮದುವೆ ಆಕೆಯ ಕಲೆಯನ್ನು ಕುಗ್ಗಿಸಿತೆನ್ನುವವರುಂಟು. ಆರು ಮಂದಿ ಮಕ್ಕಳನ್ನು ಹಡೆದು, ದಂಡಿನ ನೆಲೆಯಿಂದ ನೆಲೆಗೆ ಮನೆ ಸಾಗಿಸಿದವಳಿಗೆ ದೊಡ್ಡ ಪಟಗಳಿಗೆ ಬೇಕಾದ ಬಿಡುವು ದುರ್ಲಭವಾಯಿತೆಂಬುದು ನಿಜ. ಇಂಗ್ಲೆಂಡಿನ ಅಭಿರುಚಿಯೂ ಆ ದಶಕಗಳಲ್ಲಿ ಬದಲಾಯಿತು. ಪ್ರವಾಸದ ಫಲವಾಗಿ ೧೯೦೩ರಲ್ಲಿ ಪ್ಯಾಲೆಸ್ಟೈನಿನ ಪತ್ರಗಳು, ೧೯೦೯ರಲ್ಲಿ ದಿನಚರಿ ಮತ್ತು ರೇಖಾಚಿತ್ರಗಳ ಪುಸ್ತಕ ಹೊರಬಂದುವು. ಇವು ಹಗುರವಾದ ಬರಹಗಳು, ವರ್ಣಚಿತ್ರಗಳಿಗಾಗಿ ತಿರುವಿನೋಡಬಹುದು. ಆದರೆ ಮದುವೆಯಿಂದ ಒಂದು ಲಾಭವೂ ಆಯಿತು. ಬಟ್ಲರ್ ಸಾಮ್ರಾಜ್ಯದ ಸೇನಾನಿಯಾಗಿದ್ದೂ ಅದರ ನೀತಿಯನ್ನು ಶಂಕಿಸಿದವನು. ಬೋಯರ್ ಯುದ್ಧವನ್ನು ಒಪ್ಪದೆ ೧೮೯೯ರಲ್ಲಿ ದಕ್ಷಿಣ ಆಫ್ರಿಕದ ಅಧಿಕಾರಕ್ಕೆ ರಾಜೀನಾಮೆಯಿತ್ತವನು. ಅವನ ಸಹವಾಸದಿಂದ ಐರ್ಲೆಂಡಿನ ರೈತರ ಪಾಡು ಆಕೆಗೆ ಕಂಡಿತು. ಪಾಳುಬಿದ್ದ ಗುಡಿಸಲುಗಳ ಕಣಿವೆಯಿಂದ ಇಬ್ಬರು ತರುಣರು ಸೇನೆಗೆ ಸೇರಿ ಹೊರಡುವ ಚಿತ್ರವೊಂದನ್ನು ವಿವಾಹದ ಬೆನ್ನಿಗೇ ಬರೆದಳು. ಸೈನಿಕನು ಎಲ್ಲಿಂದ ಬರುತ್ತಾನೆಂಬುದಕ್ಕೆ ಆ ಗುಡಿಸಲುಗಳೇ ಉತ್ತರ.

೧೮೯೦ರ ‘ಒಕ್ಕಲೆಬ್ಬಿಸಿದವಳು’ ಎಂಬ ಚಿತ್ರದಲ್ಲಿ ಸೈನಿಕರೇ ಇಲ್ಲ. ಕೆಡವಿದ ಮನೆಯ ಮುಂದೆ ಒಬ್ಬ ಹೆಂಗಸು ನಿಂತಿದ್ದಾಳೆ. ಒಕ್ಕಲೆಬ್ಬಿಸಿದವರು ದೂರದ ದಾರಿಯಲ್ಲಿ ಮರಳುತ್ತಿದ್ದಾರೆ. ಬೇರೆಡೆ ಕತ್ತಲೆಗೆ ತಳ್ಳಿದ್ದ ಎದುರು ಪಕ್ಷವನ್ನು ಇಲ್ಲಿ ಬೆಳಕಿಗೆ ತಂದು ನಡುವೆ ನಿಲ್ಲಿಸಿದ್ದಾಳೆ. ನಮ್ಮ ಮಟ್ಟಿಗೆ ಇದೇ ಆಕೆಯ ಅತ್ಯಂತ ಪ್ರಾಮಾಣಿಕವಾದ ಕೃತಿ. ಅಂದಿನ ಪ್ರಧಾನಿ ಲಾರ್ಡ್ ಸಾಲಿಸ್‌ಬರಿ ಅಕಾಡೆಮಿಯ ಔತಣದಲ್ಲಿ ಇದನ್ನು ಕುರಿತು ಪರಿಹಾಸ ಮಾಡಿದನು. ಚಿತ್ರವು ಈಗ ಡಬ್ಲಿನ್ನಿನ ವಿಶ್ವವಿದ್ಯಾನಿಲಯ ಕಾಲೇಜಿನ ಸಂಗ್ರಹದಲ್ಲಿದೆ.