ಸಂಕೇತವೂ ಬದಲಿಯೂ: ಒಂದು ಪದವಿಚಾರ

ಮಹಮ್ಮದ್ ಬಿನ್ ತುಘಲಕನು 1329-30ರಲ್ಲಿ ಹೊರಡಿಸಿದ ತಾಮ್ರ-ಹಿತ್ತಾಳೆಗಳ ನಾಣ್ಯವನ್ನು ನಮ್ಮ ಪಠ್ಯಗ್ರಂಥಗಳು ಸಾಮಾನ್ಯವಾಗಿ 'ಸಾಂಕೇತಿಕ ನಾಣ್ಯ'ವೆಂದು ಕರೆಯುತ್ತವೆ. ಈ ಪದಪ್ರಯೋಗವು ವಿಚಾರಾರ್ಹವೆಂದು ನಾವು ಭಾವಿಸುತ್ತೇವೆ.

ಬಾದಾಮಿಯ ಚಾಳುಕ್ಯರ ತಾಮ್ರಶಾಸನಗಳ ಮುದ್ರೆಯಲ್ಲಿನ ವರಾಹವು ಸಂಕೇತ. ಭೂಮಿಯನ್ನುದ್ಧರಿಸಿದ ವಿಷ್ಣುವನ್ನು ಸ್ಮರಣೆಗೆ ತಂದು ಅದು ಅರಸನ ಅಧಿಕಾರವನ್ನು ಸೂಚಿಸುತ್ತದೆ. ಶಿಲ್ಪಿಗಳು ಅದನ್ನು ಗುಹೆಗಳಲ್ಲಿ ಎಷ್ಟು ಬಾರಿ ಕಡೆದರೂ ಅದರ ಅರ್ಥವು ಕುಂದದು. ತುಘಲಕನ ನಾಣ್ಯದ ಕಾರ್ಯವಾದರೋ ಸೂಚಿಸುವುದಲ್ಲ, ಬೆಳ್ಳಿಯ ಟಂಕಕ್ಕೆ ಬದಲಾಗಿ ನಿಲ್ಲುವುದು. ಆದುದರಿಂದಲೇ ಖೋಟಾ ನಾಣ್ಯಗಳು ಹೆಚ್ಚಿದೊಡನೆ ಅದರ ಬೆಲೆ ಬಿದ್ದಿತು. ಸುಲ್ತಾನನು ಬೊಕ್ಕಸದ ಬೆಳ್ಳಿಬಂಗಾರಗಳನ್ನಿತ್ತು ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

ಸಂಕೇತವು ಅರ್ಥದಿಂದ ಬದುಕುತ್ತದೆ, ಬದಲಿಯು ನಂಬಿಕೆಯಿಂದ. ಇದನ್ನು 'ಬದಲಿ ನಾಣ್ಯ'ವೆಂದರೆ ಸುಲ್ತಾನನ ಯೋಜನೆಯು ಕೆಟ್ಟ ಕಾರಣವೂ ವಿದ್ಯಾರ್ಥಿಗೆ ಹೆಸರಿನಲ್ಲಿಯೇ ಹೊಳೆದೀತು.